ಮುಖ ನಟನದು, ಸಿನಿಮಾ ನಿರ್ಮಾಪಕನದು, ಗೆರೆ ಯಾರದು?

ಮುಂಬೈ ಪಕ್ಕದ ಡೊಂಬಿವಲಿಯ ಆ ಮನೆಯಲ್ಲಿ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅದರ ಮೇಲೆ ಯಾವಾಗಲೂ ಯಾರದಾದರೂ ಮುಖ ಒಣಗುತ್ತಿರುತ್ತದೆ. ಕಳೆದ ಸಲ ಹೋದಾಗ ಶಂಕರ್ ನಾಗ್ ಇದ್ದರು. ಅದಕ್ಕೆ ಮೊದಲು ‘ಉಳಿದವರು ಕಂಡಂತೆ’ಯ ರಿಚ್ಚಿ ಇದ್ದ, ಹಿಂದೆ ಹುಲಿವೇಷದ ಹಳದಿ ಪಟ್ಟೆ. ಮನೆಯವರು ನೆಲದಲ್ಲಿ ಚಾಪೆ ಹಾಸಿಕೊಂಡು ಉಣ್ಣುತ್ತಾರೆ. ಹುಡುಗನ ಅಮ್ಮನಿಗೆ ಮೇಜಿನ ಬಗ್ಗೆ ತಕರಾರಿಲ್ಲ. ಅವರ ತಕರಾರು ಬೇರೆ. “ರಾತ್ರಿಯೆಲ್ಲ ಕುಂತು ಬರೀತಾನ್ರೀ. ಎಲ್ಲೂ ಇವನ ಹೆಸರಾ ಇರಂಗಿಲ್ಲ ನೋಡ್ರಿ.”

ಹುಡುಗ ಕಲಬುರಗಿಯವನು. ವಯಸ್ಸು ಮೂವತ್ತರ ಆಚೆ ಈಚೆ. ಹಗಲು ಅಂಧೇರಿಯ ಒಂದು ಜಾಹೀರಾತು ಆಫೀಸಿನಲ್ಲಿ ಸೋಪು, ಬಿಸ್ಕತ್ತು, ಬ್ಯಾಂಕು. ರಾತ್ರಿ ಕಲ್ಟ್ ಸಿನಿಮಾ. ಅಂದರೆ ತನಗೆ ಹುಚ್ಚು ಹಿಡಿಸಿದ ಸಿನಿಮಾಗಳಿಗೆ ತಾನೇ ಪೋಸ್ಟರ್ ಬರೆಯುವುದು, ಅದರ ನಟರ ಭಾವಚಿತ್ರ ಬರೆಯುವುದು. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಕಲಾ ಮೇಳಗಳಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಮಾರುತ್ತಾನೆ. ಒಂದಕ್ಕೆ 800 ರೂಪಾಯಿ ಹೇಳುತ್ತಾನೆ, 600ಕ್ಕೆ ಕೊಡುತ್ತಾನೆ.

ಸ್ವಲ್ಪ ದಿನದ ಹಿಂದೆ ಒಂದು ಹಳೇ ಸಿನಿಮಾ ಮತ್ತೆ ಬಿಡುಗಡೆಯಾಗುವುದಿತ್ತು. ಯಾವ ಸಿನಿಮಾ, ಯಾರ ಕಂಪನಿ ಅಂತ ನಾನು ಹೇಳುವುದಿಲ್ಲ. ಅಭಿಮಾನಿಗಳಿಗೆ ಪೋಸ್ಟರ್ ಸ್ಪರ್ಧೆ ಇಟ್ಟಿದ್ದರು. ಇವನೂ ಒಂದು ಕಳಿಸಿದ. ಬಹುಮಾನ ಬರಲಿಲ್ಲ, ಮರೆತ. ಆಮೇಲೆ ಠಾಣೆಯ ಒಂದು ಮಾಲಿನಲ್ಲಿ ಪಾಪ್‌ಕಾರ್ನ್ ಕೌಂಟರಿನ ಪಕ್ಕ ಆಳೆತ್ತರದ ರಟ್ಟಿನ ಬೋರ್ಡು. ಅದರಲ್ಲಿ ಇವನು ಬರೆದ ಮುಖ. ಹಿನ್ನೆಲೆ ಬೇರೆ, ಅಕ್ಷರ ಬೇರೆ, ಕೆಳಗಿನ ಮೂಲೆಯ ಸಹಿ ಮಾಯ. ಕೇಳಿದ್ದಕ್ಕೆ ಎರಡು ಸಾಲಿನ ಮೇಲ್ ಬಂತು: ಸ್ಪರ್ಧೆಯ ನಿಯಮದ ಪ್ರಕಾರ ಕಳಿಸಿದ ಎಲ್ಲ ಚಿತ್ರಗಳೂ ನಮ್ಮವು. ನಿಜ. ಫಾರಂ ತುಂಬುವಾಗ ಇವನೇ ಟಿಕ್ ಹಾಕಿದ್ದ. ನಾವೆಲ್ಲ ಹಾಕುತ್ತೇವೆ ಅಲ್ವಾ?

ಇದು ಒಬ್ಬ ಹುಡುಗನ ಗೋಳು ಅಂದುಕೊಂಡು ನಾನೂ ಮೊದಲು ಸುಮ್ನೆ ಇದ್ದೆ. ಆದರೆ ಎರಡು ಮೂರು ವರ್ಷದಿಂದ ಮೂರು ಸಂಗತಿಗಳು ಬೇರೆ ಬೇರೆ ದಾರಿಯಲ್ಲಿ ಬಂದು ಈ ಊಟದ ಮೇಜಿನ ಮೇಲೆ ಸೇರಿಕೊಂಡಿವೆ. ಹಳೇ ಸಿನಿಮಾಗಳು ಮತ್ತೆ ಥಿಯೇಟರಿಗೆ ಬರುತ್ತಿವೆ. ನಟರು ತಮ್ಮ ಮುಖಕ್ಕೆ ಬೇಲಿ ಹಾಕಲು ಕೋರ್ಟಿಗೆ ಹೋಗುತ್ತಿದ್ದಾರೆ. ಮತ್ತೆ, ಯಾರ ಮುಖ ಬೇಕಾದರೂ ಯಾವ ಶೈಲಿಯಲ್ಲಿ ಬೇಕಾದರೂ ಬರೆದುಕೊಡುವ ಎಐ ಎಲ್ಲರ ಫೋನಿಗೆ ಬಂದಿದೆ. ಈ ಮೂರರ ನಡುವೆ ಕೈಯಲ್ಲಿ ಬರೆಯುವವನ ಜಾಗ ಎಷ್ಟು ಅನ್ನುವುದು ಪ್ರಶ್ನೆ.

ಮೊದಲು ಈ ಪೋಸ್ಟರ್ ಏನು ಅಂತ ನೋಡೋಣ. ಕಲ್ಟ್ ಅನ್ನುವುದಕ್ಕೆ ಕನ್ನಡದಲ್ಲಿ ಒಪ್ಪುವ ಪದ ನನಗಂತೂ ಸಿಕ್ಕಿಲ್ಲ. ಬಿಡುಗಡೆಯಾದಾಗ ಜನ ಅಷ್ಟಾಗಿ ಬರದ, ಆಮೇಲೆ ವರ್ಷಗಟ್ಟಲೆ ಜನ ಬಿಡದೆ ನೋಡುವ ಸಿನಿಮಾ ಅಂತ ಇಟ್ಟುಕೊಳ್ಳಿ. 1994ರ ‘ಅಂದಾಜ್ ಅಪ್ನಾ ಅಪ್ನಾ’ ಹಾಗೆ. 2014ರ ‘ಉಳಿದವರು ಕಂಡಂತೆ’ ಹಾಗೆ. ಇಂಥ ಸಿನಿಮಾದ ಅಭಿಮಾನಿಗೆ ಕತೆ ಹೇಳಬೇಕಾಗಿಲ್ಲ. ಒಂದು ವಸ್ತು ತೋರಿಸಿದರೆ ಸಾಕು, ಇಡೀ ಸಿನಿಮಾ ತಲೆಯಲ್ಲಿ ಓಡುತ್ತದೆ.

ಗೋಡೆಗೆ ಅಂಟಿಸುವ ಪೋಸ್ಟರ್ ಸಿನಿಮಾ ನೋಡದವರಿಗೆ. ಅದಕ್ಕೆ ಅದರದೇ ಕಟ್ಟುಪಾಡು ಇರುತ್ತದೆ. ನಾಯಕನ ಮುಖ ಎಷ್ಟು ದೊಡ್ಡದು, ನಾಯಕಿಯ ಮುಖ ಎಷ್ಟು ಚಿಕ್ಕದು, ಯಾರ ಹೆಸರು ಮೊದಲು. ಬರೆಯುವವನ ಹಿಂದೆ ಹಂಚಿಕೆದಾರ ನಿಂತಿರುತ್ತಾನೆ. ನಮ್ಮ ಹುಡುಗ ಬರೆಯುವುದು ನೋಡಿದವರಿಗೆ. ‘ಜಾನೇ ಭಿ ದೋ ಯಾರೋ’ಗೆ ಅವನ ಪೋಸ್ಟರಿನಲ್ಲಿ ಇಬ್ಬರು ನಾಯಕರೂ ಇಲ್ಲ. ಮಹಾಭಾರತ ನಾಟಕದ ವೇದಿಕೆ ಇದೆ, ಸೀರೆ ಉಟ್ಟ ಹೆಣ ಇದೆ, ಅಷ್ಟೇ. ಆ ಸಿನಿಮಾ ನೋಡದವರಿಗೆ ಅದು ತಲೆಬುಡ ತಿಳಿಯುವುದಿಲ್ಲ. ನೋಡಿದವರು ಮೇಳದಲ್ಲಿ ಅದರ ಮುಂದೆ ನಿಂತು ಒಬ್ಬರೇ ನಗುತ್ತಾರೆ. ಹಾಗೆ ನಗುವವರೇ ಕೊಳ್ಳುವವರು.

ಸಿನಿಮಾದವರಿಗೂ ಈ ನಗುವಿನ ಬೆಲೆ ಈಗ ಗೊತ್ತಾಗಿದೆ. ‘ತುಂಬಾಡ್’ 2018ರ ಅಕ್ಟೋಬರಿನಲ್ಲಿ ಬಂದಾಗ ಥಿಯೇಟರಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟಾಗ ಮೊದಲಿಗಿಂತ ಜಾಸ್ತಿ ಗಳಿಸಿತು. ‘ಅಂದಾಜ್ ಅಪ್ನಾ ಅಪ್ನಾ’ 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ನಡುವಿನ ಇಷ್ಟು ವರ್ಷ ಈ ಸಿನಿಮಾಗಳನ್ನು ಜೀವಂತ ಇಟ್ಟವರು ಯಾರು? ಡೈಲಾಗು ಹೊಡೆಯುವ ಹಾಸ್ಟೆಲ್ ಹುಡುಗರು, ಮೀಮ್ ಮಾಡುವವರು, ಪುಕ್ಕಟೆ ಪೋಸ್ಟರ್ ಬರೆದು ಹಂಚುವವರು. ಮರುಬಿಡುಗಡೆಗೆ ದೊಡ್ಡ ಪ್ರಚಾರದ ಖರ್ಚು ಬೇಕಾಗದೇ ಇರುವುದು ಇವರಿಂದಲೇ. ದುಡ್ಡು ಹಂಚುವಾಗ ಮಾತ್ರ ಇವರು ಲೆಕ್ಕಕ್ಕಿಲ್ಲ.

ಮುಂಬೈಯಲ್ಲಿ ಕೂತು ಕನ್ನಡಿಗನೊಬ್ಬ ಸಿನಿಮಾ ಪೋಸ್ಟರ್ ಬರೆಯುತ್ತಾನೆ ಅಂದರೆ ಹೊಸದೇನಲ್ಲ. ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಬಂದು, ಇಲ್ಲಿನ ನೂತನ ಕಲಾ ಮಂದಿರದಲ್ಲಿ ದಂಡಾವತಿಮಠ ಅವರ ಹತ್ತಿರ ಕಲಿತರು. ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು, ಸಿನಿಮಾಗಳಿಗೆ ಶೋಕಾರ್ಡ್, ಅಂದರೆ ಥಿಯೇಟರಿನಲ್ಲಿ ಇಡುವ ಪ್ರಚಾರದ ಚಿತ್ರ ಬರೆದರು. ಆಮೇಲೆ ದೇವರುಗಳ ಕ್ಯಾಲೆಂಡರ್. ನಮ್ಮ ಮನೆಗಳಲ್ಲಿ ಎಷ್ಟೋ ವರ್ಷ ಗೋಡೆಯ ಮೇಲಿದ್ದ ದೇವರ ಮೈಕಟ್ಟು, ಹೊಳಪು, ನೋಟ ಅವರ ಕೈಯಿಂದ, ಅವರನ್ನು ನೋಡಿ ಬರೆದವರ ಕೈಯಿಂದ ಬಂದದ್ದು. ಇಂಗ್ಲಿಷ್ ಸಿನಿಮಾ ನಟರ ಮುಖದ ಮೇಲೆ ಬೆಳಕು ಬೀಳಿಸುವುದನ್ನು ಕಲಿತ ಕೈ ಕೃಷ್ಣನ ಮುಖಕ್ಕೂ ಅದೇ ಬೆಳಕು ಕೊಟ್ಟಿತು ಅಂತ ನನಗೆ ಅನ್ನಿಸುತ್ತದೆ. ಪಂಡಿತರು ತೀರಿಕೊಂಡದ್ದು 1993ರಲ್ಲಿ. ನಮ್ಮ ಹುಡುಗನ ಮೇಜಿನ ಮೇಲೆ ಅವರ ಒಂದು ಹಳೇ ಕ್ಯಾಲೆಂಡರಿನ ಹಾಳೆ ಇದೆ, ಅಜ್ಜಿ ಮನೆಯಿಂದ ತಂದದ್ದು. ಮೂಲೆಯಲ್ಲಿ ಸಹಿ ಇನ್ನೂ ಸ್ಪಷ್ಟವಾಗಿದೆ. ಅವನು ಚಿತ್ರಕ್ಕಿಂತ ಮೊದಲು ಅದನ್ನೇ ತೋರಿಸುತ್ತಾನೆ.

ಎಂ.ಎಫ್. ಹುಸೇನ್ ಕೂಡ 1930ರ ದಶಕದಲ್ಲಿ ಇದೇ ಊರಿನಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. 1970ರ ದಶಕದಲ್ಲಿ ದಿವಾಕರ್ ಕರ್ಕರೆ ಬಂದರು. ‘ದೀವಾರ್’, ‘ಅಮರ್ ಅಕ್ಬರ್ ಆಂಥೋನಿ’ ಪೋಸ್ಟರುಗಳು ಅವರವು. ನೈಫಿನಿಂದ ಬಣ್ಣ ಬಳಿದು ಮುಖಕ್ಕೆ ಒರಟುತನ ತಂದರು. ಸಿಟ್ಟಿನ ನಾಯಕನಿಗೆ ನುಣುಪು ಮುಖ ಹೊಂದುತ್ತಿರಲಿಲ್ಲ. ಆ ಕಾಲದ ಪೋಸ್ಟರ್ ಹುಡುಕಿ ನೋಡಿ, ಮೂಲೆಯಲ್ಲಿ ‘ದಿವಾಕರ್’ ಅಂತ ಇರುತ್ತದೆ.

ಥಿಯೇಟರಿನ ಬ್ಯಾನರ್ ಬರೆಯುವವರಿಗೆ ಆ ಭಾಗ್ಯವೂ ಇರಲಿಲ್ಲ. ಗ್ರಾಂಟ್ ರೋಡಿನ ಆಲ್‌ಫ್ರೆಡ್ ಟಾಕೀಸಿಗೆ ಕೈಯಲ್ಲೇ ಬ್ಯಾನರ್ ಬರೆಯುತ್ತಿದ್ದ ಶೇಖ್ ರೆಹಮಾನ್ ಬಗ್ಗೆ 2015ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಕ್ಯಾನ್ವಾಸು ಅದೇ. ಹೊಸ ಸಿನಿಮಾ ಬಂದರೆ ಹಳೇ ನಾಯಕನ ಮೇಲೆ ಬಣ್ಣ ಬಳಿದು ಹೊಸ ನಾಯಕನನ್ನು ಬರೆಯುವುದು. ಒಬ್ಬನ ಜೀವಮಾನದ ಕೆಲಸ ಅದೇ ಬಟ್ಟೆಯ ಮೇಲೆ ಪದರ ಪದರವಾಗಿ ಹೂತುಹೋಗಿದೆ. 1990ರ ದಶಕದಲ್ಲಿ ಕಂಪ್ಯೂಟರ್ ಡಿಸೈನ್ ಬಂತು, ಅದರ ಬೆನ್ನಿಗೆ ಫ್ಲೆಕ್ಸ್ ಬಂತು. ಕೈಬರಹದ ಪೋಸ್ಟರು ಎರಡು ಕಡೆಗೆ ಹೋಯಿತು: ಒಂದು ರದ್ದಿಗೆ, ಇನ್ನೊಂದು ಚೋರ್ ಬಜಾರಿನಲ್ಲಿ ಹಳೇ ಸಾಮಾನು ಮಾರುವ ಮಟನ್ ಸ್ಟ್ರೀಟಿಗೆ. ಅಲ್ಲಿಂದ ಅದು ಶ್ರೀಮಂತರ ಗೋಡೆಗೆ ಹತ್ತಿತು.

ಹೀಗೆ ಒಂದು ಸಲ ಸತ್ತ ಕೆಲಸ ಇದು. ಈಗ ಬಾಂದ್ರಾದ ಗೋಡೆಗಳ ಮೇಲೆ ದೊಡ್ಡ ಚಿತ್ರವಾಗಿ, ಕಾಫಿ ಅಂಗಡಿಯ ಫ್ರೇಮಾಗಿ ಮತ್ತೆ ಎದ್ದು ಕೂತಿದೆ. ರಂಜಿತ್ ದಹಿಯಾ 2012ರಲ್ಲಿ ಶುರು ಮಾಡಿದ ಬಾಲಿವುಡ್ ಆರ್ಟ್ ಪ್ರಾಜೆಕ್ಟ್ ನೆನಪಿರಬಹುದು. ಬಾಂದ್ರಾ ರಿಕ್ಲಮೇಶನ್ನಿನ ಎಂಟಿಎನ್‌ಎಲ್ ಕಟ್ಟಡದ ಮೇಲೆ ದಾದಾಸಾಹೇಬ್ ಫಾಲ್ಕೆ ಬಂದದ್ದು 2014ರಲ್ಲಿ. ನಮ್ಮ ಹುಡುಗನ ತಲೆಮಾರು ಇದನ್ನೆಲ್ಲ ನೋಡಿ ಬೆಳೆದದ್ದು.

ಇನ್ನು ಮುಖ ಬರೆಯುವ ವಿಷಯ. ಒಂದು ಭಾನುವಾರ ಪೂರ್ತಿ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಅವನು ಶುರು ಮಾಡುವುದು ಕಣ್ಣಿನಿಂದ ಅಲ್ಲ. ಮೊದಲು ಮುಖದ ನೆರಳನ್ನು ಒಂದೇ ಬಣ್ಣದಲ್ಲಿ ಬಳಿಯುತ್ತಾನೆ. ಗಾಢ ನೀಲಿ. ಮೂಗಿನ ಕೆಳಗೆ, ಕೆನ್ನೆಯ ಒಂದು ಬದಿ, ಕತ್ತಿನ ಹಳ್ಳ. ಆಮೇಲೆ ಎದ್ದು ಅಡುಗೆಮನೆ ಬಾಗಿಲವರೆಗೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡುತ್ತಾನೆ. ಆ ದೂರದಿಂದ, ಕಣ್ಣು ಮೂಗು ಏನೂ ಇಲ್ಲದೆ, ನೆರಳಿನಲ್ಲೇ ಆ ಮನುಷ್ಯ ಗುರುತು ಸಿಕ್ಕಬೇಕು. ಸಿಗದಿದ್ದರೆ ಹಾಳೆ ಬದಲು. ಶಂಕರ್ ನಾಗ್‌ಗೆ ನಾಲ್ಕು ಹಾಳೆ ಹೋಯಿತು. ಐದನೆಯದರಲ್ಲಿ ತಲೆ ಸ್ವಲ್ಪ ಓರೆ ಮಾಡಿದ. ಮೀಸೆಯ ಒಂದು ತುದಿ ನೆರಳಿಗೆ ಹೋಯಿತು. ಅಡುಗೆಮನೆಯಿಂದ ಅವನ ಅಮ್ಮ “ಹಾಂ, ಈಗ ಬಂದ ನೋಡು ಆಟೋ ರಾಜಾ” ಅಂದರು. ಆಮೇಲೆ ಎರಡನೇ ಬಣ್ಣ, ಕಿತ್ತಳೆ, ಬೆಳಕು ಬೀಳುವ ಕಡೆ. ಕಣ್ಣು ಕೊನೆಗೆ.

“ಕಣ್ಣ ಕಡೀಕ ಬರೀಬೇಕು ಅಣ್ಣಾ. ಮೊದ್ಲ ಬರದ್ರ ಅದು ನಮ್ಮನ್ನ ನೋಡ್ಲಾಕ ಸುರು ಮಾಡ್ತದ. ಕೈ ನಡಗ್ತದ.”

ಒಂದು ವಾರದ ರಾತ್ರಿಗಳು ಹೋಗುತ್ತವೆ ಒಂದು ಮುಖಕ್ಕೆ. 2025ರ ಮಾರ್ಚ್‌ನಲ್ಲಿ ಎಲ್ಲರೂ ತಮ್ಮ ಮದುವೆ ಫೋಟೋ, ನಾಯಿ ಫೋಟೋಗಳನ್ನು ಚಾಟ್‌ಜಿಪಿಟಿಗೆ ಹಾಕಿ ಜಪಾನಿನ ಜಿಬ್ಲಿ ಕಾರ್ಟೂನ್ ಸಿನಿಮಾಗಳ ಶೈಲಿಗೆ ಬದಲಾಯಿಸಿದರಲ್ಲ, ಅದಾದ ಮೇಲೆ ಇವನಿಗೆ ಬರುವ ಫೋನಿನ ಧಾಟಿ ಬದಲಾಯಿತು. ನಮ್ಮವರದೇ ಒಂದು ಹೋಟೆಲು, ಗೋಡೆಗೆ ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್ ನಾಗ್ ಮೂವರ ಚಿತ್ರ ಬೇಕು ಅಂದಿದ್ದರು. ಮಾತು ಮುಗಿದಿತ್ತು. ಆಮೇಲೆ ಮಾಲೀಕರು ಫೋನಿನಲ್ಲಿ ಒಂದು ಚಿತ್ರ ಕಳಿಸಿ, “ಇದು ನನ್ನ ಮಗ ಐದು ನಿಮಿಷದಲ್ಲಿ ಮಾಡಿದ ಮಾರಾಯ, ನೀನು ಇದನ್ನೇ ಸ್ವಲ್ಪ ಸರಿ ಮಾಡಿ ಕೊಡು, ಫ್ಲೆಕ್ಸ್ ಹಾಕಿಸುವ” ಅಂದರು.

ಚಿತ್ರ ನಾನೂ ನೋಡಿದೆ. ಕೆಟ್ಟದಾಗಿ ಇರಲಿಲ್ಲ. ಅದೇ ತೊಂದರೆ. ಮೂವರೂ ಚೆನ್ನಾಗಿ ಹೊಳೆಯುತ್ತಿದ್ದರು, ಮೂವರ ಚರ್ಮವೂ ಒಂದೇ ನಮೂನೆ ನುಣುಪು, ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಕೆಳಗೆ ಕನ್ನಡದಲ್ಲಿ ‘ಕರ್ನಾಟಕ ರತ್ನ’ ಅಂತ ಬರೆಯಲು ಹೋಗಿ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಬಿದ್ದಿತ್ತು. ಅಕ್ಷರ ಇವತ್ತಲ್ಲ ನಾಳೆ ಸರಿಹೋಗುತ್ತದೆ, ಅದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ಎಐ ಸಾವಿರ ಫೋಟೋಗಳ ಸರಾಸರಿ ತೆಗೆದ ಹಾಗೆ ಮುಖ ಕೊಡುತ್ತದೆ. ಕಲ್ಟ್ ಸಿನಿಮಾದ ಅಭಿಮಾನಿಗೆ ಬೇಕಾದ್ದು ಸರಾಸರಿ ಮುಖ ಅಲ್ಲ, ಆ ಸಿನಿಮಾದ ಆ ದೃಶ್ಯದ ಆ ಗಳಿಗೆಯ ಮುಖ. ಅದಕ್ಕೇ ಮೇಳದಲ್ಲಿ ಪ್ರಿಂಟ್ ಕೊಳ್ಳುವವರು ಕಡಿಮೆಯಾಗಿಲ್ಲ ಅನ್ನುತ್ತಾನೆ ಹುಡುಗ. ಕಡಿಮೆಯಾದದ್ದು ಹೋಟೆಲ್ ಗೋಡೆ, ಮದುವೆ ಕಾರ್ಡು, ನಾಮಕರಣದ ಬೋರ್ಡು. ಅಂದರೆ ಮನೆ ಬಾಡಿಗೆಯ ಕೆಲಸ.

ಮಾಡಿದವನಿಗಿಂತ ಹಕ್ಕುದಾರನ ಮಾತೇ ನಡೆಯುವುದಕ್ಕೆ ದೊಡ್ಡ ಮಟ್ಟದ ಉದಾಹರಣೆಯೂ ಇದೆ. 2025ರ ಆಗಸ್ಟಿನಲ್ಲಿ ‘ರಾಂಝಣಾ’ದ ತಮಿಳು ರೂಪ ‘ಅಂಬಿಕಾಪತಿ’ಯನ್ನು ಎಐ ಬಳಸಿ ಕೊನೆ ಬದಲಾಯಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರಾಯ್, ನಟ ಧನುಷ್ ಇಬ್ಬರೂ ಬೇಡ ಅಂದರು. ಬಿಡುಗಡೆ ನಿಲ್ಲಲಿಲ್ಲ. ನಿರ್ದೇಶಕನ ಪಾಡೇ ಹೀಗಿದ್ದರೆ ಪೋಸ್ಟರ್ ಬರೆದವನ ಪಾಡು ಕೇಳಬೇಕೇ?

ಈಗ ಕಾನೂನಿಗೆ ಬರೋಣ. ಓದಲು ಸ್ವಲ್ಪ ಬೇಜಾರು, ಆದರೆ ಮೇಜಿನ ಮೇಲಿನ ಒಂದೇ ಮುಖ ಹಿಡಿದು ನೋಡಿದರೆ ಸಲೀಸು. ರಿಚ್ಚಿಯ ಪೋಸ್ಟರ್ ತಗೊಳ್ಳಿ. ಆ ಹಾಳೆಯ ಮೇಲೆ ಎಷ್ಟು ಜನ ಕೈ ಇಡಬಹುದು?

ಮೊದಲನೆಯವರು ನಿರ್ಮಾಪಕರು. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 14 ಸಿನಿಮಾದ ಹಕ್ಕಿನಲ್ಲಿ ಅದರ ಯಾವುದೇ ದೃಶ್ಯದ ಫೋಟೋವನ್ನೂ ಸೇರಿಸುತ್ತದೆ. ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ. 1964ರ ‘ನಾಂದಿ’ಯಂಥ ಸಿನಿಮಾಗಳ ಅವಧಿ ಮುಗಿದಿದೆ. ಆದರೆ ಕಲ್ಟ್ ಅನ್ನಿಸಿಕೊಂಡಿರುವುದು ಹೆಚ್ಚಾಗಿ ಎಂಬತ್ತು, ತೊಂಬತ್ತರ ದಶಕದವು. ‘ಅಂದಾಜ್ ಅಪ್ನಾ ಅಪ್ನಾ’ ಎಲ್ಲರ ಸ್ವತ್ತಾಗುವ ಹೊತ್ತಿಗೆ 2055 ಬರುತ್ತದೆ. ಆಗ ನಮ್ಮ ಹುಡುಗನಿಗೆ ಹೆಚ್ಚುಕಡಿಮೆ ಅರವತ್ತು, ಕನ್ನಡಕದ ನಂಬರು ಎಷ್ಟಾಗಿರುತ್ತದೋ. ದೃಶ್ಯವನ್ನು ಹಾಗೇ ಟ್ರೇಸ್ ಮಾಡಿದರೆ ತಕರಾರು ಬರಬಹುದು. ತನ್ನದೇ ಕೋನದಲ್ಲಿ, ತನ್ನದೇ ಕಲ್ಪನೆಯಲ್ಲಿ ಬರೆದರೆ ಇವನ ವಾದ ಗಟ್ಟಿ. ಎರಡರ ನಡುವಿನ ಗೆರೆ ಎಲ್ಲಿ ಅನ್ನುವುದು ಒಂದೊಂದು ಚಿತ್ರಕ್ಕೂ ಬೇರೆ.

ಎರಡನೆಯವರು ನಟರು. ಇದು ಹೊಸ ಬೇಲಿ. ದೆಹಲಿ ಹೈಕೋರ್ಟು 2022ರ ನವೆಂಬರಿನಲ್ಲಿ ಅಮಿತಾಭ್ ಬಚ್ಚನ್ ಪರವಾಗಿ, 2023ರಲ್ಲಿ ಅನಿಲ್ ಕಪೂರ್ ಪರವಾಗಿ, 2024ರಲ್ಲಿ ಜಾಕಿ ಶ್ರಾಫ್ ಪರವಾಗಿ, 2025ರಲ್ಲಿ ಐಶ್ವರ್ಯಾ ರೈ ಪರವಾಗಿ ಆದೇಶ ಕೊಟ್ಟಿತು. ಅನುಮತಿ ಇಲ್ಲದೆ ಅವರ ಹೆಸರು, ಮುಖ, ದನಿಯನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ ಅಂತ. ಅನಿಲ್ ಕಪೂರ್ ಅವರ ‘ಝಕಾಸ್’ ಅನ್ನುವ ಮಾತು ಕೂಡ ಅದರಲ್ಲಿ ಸೇರಿತ್ತು. ಮುಂಬೈಯ ಹೈಕೋರ್ಟಿನಲ್ಲಿ 2025ರಲ್ಲಿ ಆಶಾ ಭೋಸ್ಲೆ ಹೋದಾಗ ಎದುರು ಪಕ್ಷದಲ್ಲಿ ಎಐ ದನಿಯ ಕಂಪನಿಯ ಜೊತೆಗೆ ಅವರ ಚಿತ್ರವಿರುವ ಸಾಮಾನು ಮಾರುವವರೂ ಇದ್ದರು. ಈ ಆದೇಶಗಳ ಗುರಿ ಸುಳ್ಳು ಜಾಹೀರಾತು, ಅಶ್ಲೀಲ ಡೀಪ್‌ಫೇಕ್, ಲಾಟರಿ ಮೋಸ. ಸರಿಯಾದ ಗುರಿಯೇ. ಆದರೆ ಬಲೆ ಅಗಲವಾದಷ್ಟೂ ಸಣ್ಣ ಮೀನೂ ಸಿಕ್ಕಿಬೀಳುತ್ತದೆ. ಮಗ್ಗು, ಟೀ ಶರ್ಟು ಮಾರುವ ದೊಡ್ಡ ಕಂಪನಿಯೂ, 40 ಪ್ರಿಂಟ್ ತೆಗೆಸಿ ಮೇಳಕ್ಕೆ ಹೊತ್ತುಕೊಂಡು ಹೋಗುವವನೂ ಆ ಸಾಲಿನಲ್ಲಿ ಒಟ್ಟಿಗೇ ನಿಲ್ಲುತ್ತಾರೆ.

ಕೋರ್ಟುಗಳು ಇನ್ನೊಂದು ಬದಿಯನ್ನೂ ಹೇಳಿವೆ, ಅದು ಸುದ್ದಿಯಾಗುವುದು ಕಡಿಮೆ. ಗಾಯಕ ದಲೇರ್ ಮೆಹಂದಿಯನ್ನು ಹೋಲುವ ಗೊಂಬೆಗಳ 2010ರ ಪ್ರಕರಣದಲ್ಲೇ ದೆಹಲಿ ಹೈಕೋರ್ಟು, ವ್ಯಂಗ್ಯಚಿತ್ರ, ಅಣಕಗಳಿಗೆ ಜಾಗ ಇರಬೇಕು ಅಂದಿತ್ತು. 2023ರಲ್ಲಿ ಕ್ರಿಕೆಟ್ ಆಟಗಾರರ ಡಿಜಿಟಲ್ ಕಾರ್ಡುಗಳ ಪ್ರಕರಣದಲ್ಲಿ ಅದೇ ಕೋರ್ಟಿನ ಏಕಸದಸ್ಯ ಪೀಠ ಮಧ್ಯಂತರ ತಡೆ ಕೊಡಲಿಲ್ಲ. ವಿಡಂಬನೆ, ಕಲೆ, ಸುದ್ದಿ, ಅಧ್ಯಯನಕ್ಕೆ ಪ್ರಸಿದ್ಧರ ಹೆಸರು, ಚಿತ್ರ ಬಳಸುವುದು ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂದಿತು. ತೀರಿಕೊಂಡವರ ವಿಷಯ ಇನ್ನೂ ಬೇರೆ. ಸುಶಾಂತ್ ಸಿಂಗ್ ರಜಪೂತ್ ಕುರಿತ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟು, ಇಂಥ ಹಕ್ಕು ಮನುಷ್ಯನ ಜೊತೆಗೇ ಹೋಗುತ್ತದೆ, ವಾರಸುದಾರರಿಗೆ ಬರುವುದಿಲ್ಲ ಅಂತ ಹೇಳಿತು. ಹಾಗೆ ನೋಡಿದರೆ ಬದುಕಿರುವ ನಟನ ರಿಚ್ಚಿಗಿಂತ 1990ರಲ್ಲಿ ಹೋದ ಶಂಕರ್ ನಾಗ್ ಬರೆಯುವುದು ಕಾನೂನಿನ ಲೆಕ್ಕದಲ್ಲಿ ಸುಲಭ. ಅವರ ಮುಖ ಹೇಗೂ ಕರ್ನಾಟಕದ ಸಾವಿರಾರು ಆಟೋಗಳ ಬೆನ್ನ ಮೇಲೆ ಓಡಾಡುತ್ತಿದೆ. ಯಾರು ಯಾರನ್ನು ಅನುಮತಿ ಕೇಳಿದ್ದರು?

ಮೂರನೆಯವರನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಹುಡುಗನೂ. ಸೆಟ್ಟಿನಲ್ಲಿ ಸ್ಟಿಲ್ ತೆಗೆದ ಫೋಟೋಗ್ರಾಫರ್. ಇವನು ನೋಡಿ ಬರೆಯುವ ಆ ಓರೆ ತಲೆ, ಆ ಬೆಳಕು, ಯಾರೋ ಒಬ್ಬ ಬಿಸಿಲಲ್ಲಿ ನಿಂತು ಹಿಡಿದದ್ದು. ಅವನ ಹೆಸರು ನಿನಗೆ ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. “ತಪ್ಪದಾ ಅಣ್ಣಾ” ಅಂದ, ಮುಂದೆ ಮಾತಾಡಲಿಲ್ಲ. ತನ್ನ ಹೆಸರು ಹಾಕಲಿಲ್ಲ ಅಂತ ನೊಂದವನು ಇನ್ನೊಬ್ಬನ ಹೆಸರು ಹುಡುಕಿರಲಿಲ್ಲ. ಇದನ್ನು ಇಲ್ಲಿ ಬರೆಯಲಾ ಅಂತ ಕೇಳಿ, ಹ್ಞೂಂ ಅನ್ನಿಸಿಕೊಂಡೇ ಬರೆಯುತ್ತಿದ್ದೇನೆ.

ಕೊನೆಗೆ ಬರೆದವನು. ಸ್ವಂತ ಖುಷಿಗೆ ಬರೆದರೆ ಆ ಚಿತ್ರದ ಹಕ್ಕು ಅವನದು. ಆದರೆ ಯಾರೋ ದುಡ್ಡು ಕೊಟ್ಟು ಬರೆಸಿದರೆ? ಸೆಕ್ಷನ್ 17ರ ಒಂದು ಸಾಲನ್ನು ಪ್ರತಿಯೊಬ್ಬ ಚಿತ್ರಕಾರನೂ ಗೋಡೆಗೆ ಅಂಟಿಸಿಕೊಳ್ಳಬೇಕು. ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಚಿತ್ರ ಅಥವಾ ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಬರೆಸಿದವನೇ ಅದರ ಮೊದಲ ಒಡೆಯ. ಕಾದಂಬರಿ ಬರೆದವನಿಗೆ ಇಂಥ ಕಾಟ ಇಲ್ಲ. ಭಾವಚಿತ್ರ ಬರೆದವನಿಗೆ ಇದೆ. ಫೋಟೋ ಸ್ಟುಡಿಯೋಗೆ ಹೋಗಿ ಮನೆಮಂದಿ ಫೋಟೋ ತೆಗೆಸಿಕೊಂಡ ಹಾಗೆ ಕಾನೂನು ಇದನ್ನು ನೋಡುತ್ತದೆ.

ಇದರ ಬಾಲ ಇನ್ನೂ ಉದ್ದ ಇದೆ. ಸೆಕ್ಷನ್ 53ಎ ಪ್ರಕಾರ ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಬರೆದವನಿಗೆ, ಅವನ ವಾರಸುದಾರರಿಗೆ ಅದರಲ್ಲಿ ಪಾಲು ಉಂಟು, ಶೇಕಡಾ 10ರವರೆಗೆ. ಕೇಳಲು ಚೆಂದ. ಆದರೆ ಸೆಕ್ಷನ್ 17ರ ಪ್ರಕಾರ ಅವನೇ ಮೊದಲ ಒಡೆಯ ಆಗಿದ್ದರೆ ಮಾತ್ರ. ನಿರ್ಮಾಪಕ ದುಡ್ಡು ಕೊಟ್ಟು ಬರೆಸಿದ ಪೋಸ್ಟರಿನ ಮೂಲ ಚಿತ್ರ ಹರಾಜಿನಲ್ಲಿ ಎಷ್ಟೇ ಏರಲಿ, ಬರೆದವನ ಮನೆಗೆ ಬಿಡಿಗಾಸೂ ಬರಬೇಕಾಗಿಲ್ಲ. ಹಳೇ ಪೋಸ್ಟರ್ ಬೆಲೆ ಏರಿತು ಅಂತ ಓದಿದಾಗೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ಬರೆದವನ ಕೈಯಲ್ಲಿ ಉಳಿಯುವುದು ಮುಖ್ಯವಾಗಿ ಸೆಕ್ಷನ್ 57. ಹಕ್ಕೆಲ್ಲ ಮಾರಿಕೊಂಡ ಮೇಲೂ, ಇದು ನಾನು ಬರೆದದ್ದು ಅಂತ ಹೇಳಿಕೊಳ್ಳುವ ಹಕ್ಕು, ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ಕೆಡಿಸಬಾರದು ಅನ್ನುವ ಹಕ್ಕು. ಠಾಣೆಯ ಮಾಲಿನ ರಟ್ಟಿನ ಬೋರ್ಡಿನ ವಿಷಯದಲ್ಲಿ ಇವನಿಗೆ ಒಂದು ದಾರಿ ಇದ್ದದ್ದು ಅದೇ. ವಕೀಲರನ್ನು ಕೇಳಿದ. ದಾರಿ ಇದೆ, ಖರ್ಚು ನಿನ್ನ ಒಂದು ವರ್ಷದ ಪ್ರಿಂಟ್ ದುಡ್ಡು ಅಂದರು. ಅಲ್ಲಿಗೆ ಆ ಮಾತು ನಿಂತಿತು.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಕಾನೂನು ತಿದ್ದುಪಡಿ ಬರುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ದಾರಿ ಬೇರೆ ಕಡೆ ಆಗಲೇ ಇದೆ. ಅಮೆರಿಕದ ಆಸ್ಟಿನ್ ಊರಿನ ಒಂದು ಥಿಯೇಟರ್ ಸಂಸ್ಥೆಯಿಂದ ಹುಟ್ಟಿದ ಮಾಂಡೋ ಇದನ್ನೇ ವ್ಯಾಪಾರ ಮಾಡಿಕೊಂಡಿತು. ಸ್ಟುಡಿಯೋದಿಂದ ಲೈಸೆನ್ಸ್ ತಗೊಂಡು, ಹಳೇ ಸಿನಿಮಾಕ್ಕೆ ಹೊಸ ಚಿತ್ರಕಾರನಿಂದ ಪೋಸ್ಟರ್ ಬರೆಸಿ, ಇಂತಿಷ್ಟೇ ಪ್ರತಿ ಅಂತ ನಂಬರ್ ಹಾಕಿ ಮಾರಿತು. ನಮ್ಮ ನಿರ್ಮಾಪಕರಿಗೆ ಹೇಳುವುದಾದರೆ, 200 ಪ್ರತಿಯ ಪ್ರಿಂಟಿಗೆ ಒಂದು ಪುಟದ ಲೈಸೆನ್ಸ್, ಪ್ರತಿಗೆ ಇಷ್ಟು ಅಂತ ಒಂದು ಪಾಲು, ಅಷ್ಟು ಸಾಕು. ಇದರಿಂದ ಅವರಿಗೆ ಬರುವುದು ದೊಡ್ಡ ದುಡ್ಡಲ್ಲ. ಮರುಬಿಡುಗಡೆಗೆ ಜನರನ್ನು ಎಳೆದು ತರುವ ಕೈಗಳು ಮಾತ್ರ ಉಳಿಯುತ್ತವೆ. ಹಾಗೆ ಮಾಡದೆ ಸ್ಪರ್ಧೆಯ ಹೆಸರಿನಲ್ಲಿ ನೂರಾರು ಚಿತ್ರ ಪುಕ್ಕಟೆ ಬಾಚಿಕೊಳ್ಳುವುದು, ನನ್ನ ಮಟ್ಟಿಗೆ, ಸೊಸೈಟಿ ಗಣಪತಿಗೆ ಅಂತ ಚಂದಾ ಎತ್ತಿ ಮನೆ ಖರ್ಚು ಮಾಡಿದ ಹಾಗೆ.

ಚಿತ್ರಕಾರರೂ ಬುದ್ಧಿ ಕಲಿಯುತ್ತಿದ್ದಾರೆ. ನಮ್ಮ ಹುಡುಗ ಈಗ ಕೆಲಸ ಒಪ್ಪುವ ಮೊದಲು ವಾಟ್ಸಾಪಿನಲ್ಲೇ ನಾಲ್ಕು ಸಾಲು ಕಳಿಸಿ ‘ಒಪ್ಪಿದೆ’ ಅಂತ ಉತ್ತರ ಹಾಕಿಸಿಕೊಳ್ಳುತ್ತಾನೆ. ಯಾವ ಸಿನಿಮಾಕ್ಕೆ, ಎಷ್ಟು ತಿಂಗಳಿಗೆ, ಹಕ್ಕು ನನ್ನದೇ, ಬಳಸುವ ಅನುಮತಿ ಮಾತ್ರ ನಿಮ್ಮದು. ಮೂಲ ಹಾಳೆ ನನ್ನ ಹತ್ತಿರ. ಹೆಸರು ಹಾಕಬೇಕು. ಎಐಗೆ ತಿನ್ನಿಸಬಾರದು. ಸೆಕ್ಷನ್ 17ರ ‘ಬೇರೆ ಒಪ್ಪಂದ ಇಲ್ಲದಿದ್ದಾಗ’ ಅನ್ನುವ ಸಂದಿಯಲ್ಲಿ ಕಾಲು ಇಟ್ಟು ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳುವುದು ಇದು. ಪಕ್ಕಾ ಕರಾರು ಪತ್ರಕ್ಕೆ ಸಮ ಅಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ವಾಸಿ. ಇಬ್ಬರು ಗಿರಾಕಿಗಳು ಇದನ್ನು ನೋಡಿ ಓಡಿಹೋದರು. ಓಡಿಹೋದದ್ದೇ ಒಳ್ಳೆಯದಾಯಿತು ಅಂತ ನಾನು, ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಅವನು.

ಇನ್ನೊಂದು ಬದಲಾವಣೆ ಚಿತ್ರದ ಒಳಗೇ ಆಗಿದೆ. ಬದುಕಿರುವ ನಟರ ಸಿನಿಮಾಕ್ಕೆ ಅವನು ಮುಖವಿಲ್ಲದ ಪೋಸ್ಟರ್ ಜಾಸ್ತಿ ಬರೆಯುತ್ತಿದ್ದಾನೆ. ‘ತುಂಬಾಡ್’ಗೆ ಹಿಟ್ಟಿನ ಗೊಂಬೆ, ಚಿನ್ನದ ನಾಣ್ಯ. ಮೊದಲು ಇದನ್ನು ಅಂಜಿಕೆ ಅಂದುಕೊಂಡಿದ್ದೆ. ಆಮೇಲೆ ಅವನು ಅಮೆರಿಕದ ಪೋಸ್ಟರ್ ಚಿತ್ರಕಾರ ಡ್ರೂ ಸ್ಟ್ರೂಜನ್ ಬರೆದ ‘ದ ಥಿಂಗ್’ ಪೋಸ್ಟರ್ ತೋರಿಸಿದ. 1982ರದು. ಹಿಮದ ಕೋಟು ಹಾಕಿದ ಮನುಷ್ಯ, ಮುಖ ಇರಬೇಕಾದ ಕಡೆ ಬರೀ ಬೆಳಕು. ಒಂದೇ ರಾತ್ರಿಯಲ್ಲಿ ಬರೆದದ್ದಂತೆ. ಆ ಸಿನಿಮಾ ಬಂದಾಗ ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದರು, ಈಗ ಕಲ್ಟ್‌ಗಳ ಸಾಲಿನಲ್ಲಿ ಮುಂದಿದೆ. ಸ್ಟ್ರೂಜನ್ 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆವತ್ತು ರಾತ್ರಿ ನಮ್ಮ ಹುಡುಗ ಏನೂ ಬರೆಯದೆ ಆ ಬೆಳಕನ್ನೇ ನೋಡುತ್ತ ಕೂತಿದ್ದನಂತೆ, ಅಮ್ಮ ಹೇಳಿದರು.

ಶಂಕರ್ ನಾಗ್ ಮಾತ್ರ ಮುಖದ ಸಮೇತ ಬಂದರು. ಮೊದಲ ಪ್ರಿಂಟು ಕೈಗೆ ಬಂದ ದಿನ ಅದನ್ನು ಸುರುಳಿ ಸುತ್ತಿಕೊಂಡು ಡೊಂಬಿವಲಿ ಸ್ಟೇಶನ್ನಿನಿಂದ ಆಟೋ ಹತ್ತಿದ. ಡ್ರೈವರ್ ವಿಜಯಪುರದ ಕಡೆಯವರು, ವಯಸ್ಸಾದವರು. ಮಾತಿಗೆ ಮಾತು ಬಂದು ತೋರಿಸಿದ. ಅವರು ಗಾಡಿ ಬದಿಗೆ ಹಾಕಿ ನೋಡಿದರು. ಕಣ್ಣಿಗೆ ಒತ್ತಿಕೊಂಡರು. ಇವನು ದುಡ್ಡು ಬೇಡ ಅಂತ ಕೊಟ್ಟುಬಿಟ್ಟ, ಅವರೂ ಬಾಡಿಗೆ ತಗೊಳ್ಳಲಿಲ್ಲ.

ಹದಿನೈದು ದಿನದ ಮೇಲೆ ಸ್ಟೇಶನ್ನಿನ ಹೊರಗೆ ಅದೇ ಆಟೋ ನಿಂತಿತ್ತು. ಹಿಂದಿನ ಗಾಜಿಗೆ ಒಳಗಿನಿಂದ ಶಂಕರ್ ನಾಗ್, ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಚ್ಚುಕಟ್ಟಾಗಿ. ಗಾಜಿನ ಅಳತೆಗೆ ಕೆಳಗಿನ ಎರಡು ಇಂಚು ಕತ್ತರಿಸಿದ್ದರು. ಸಹಿ ಇದ್ದದ್ದು ಅಲ್ಲೇ.

ಬೇಜಾರಾಯಿತಾ ಅಂತ ಫೋನಿನಲ್ಲಿ ಕೇಳಿದೆ. ನಗುತ್ತಿದ್ದ. ಎರಡನೇ ಸಲದ ಪ್ರಿಂಟ್ ಮೊನ್ನೆ ನನಗೂ ಒಂದು ಕಳಿಸಿದ್ದಾನೆ. ಮೂಲೆ ಖಾಲಿ. ಹುಡುಕಿ ಹುಡುಕಿ ಸಾಕಾಗಿ ಅಡುಗೆಮನೆ ಬಾಗಿಲವರೆಗೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿದೆ, ಅವನು ಮಾಡುವ ಹಾಗೆ. ಕಾಕಿ ಅಂಗಿಯ ಕಾಲರಿನ ನೆರಳು ಇದೆಯಲ್ಲ, ಆ ಗಾಢ ನೀಲಿ, ಅದೇ ಅವನ ಹೆಸರು.